ದಾರಿಯಲ್ಲಿ ಎದುರಾದವಳ ಪಾಲು

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ತೆಕೆ-ಉಂಕುರ್ ಊರಿನಲ್ಲಿ ಬುರುಲ್ಚಾ ಅಣಕಿಸದ ಗಂಟಲೂ ಇರಲಿಲ್ಲ. ತೋಳ, ಹಿಮಕೋಳಿ, ನಾರಿನ್‌ನಿಂದ ಬರುವ ಮಿನಿಬಸ್ಸು, ಅದರ ಚಾಲಕ, ಚಾಲಕನನ್ನು ಬೈಯುವ ಅವನ ಹೆಂಡತಿ, ಎಲ್ಲರೂ ಅವಳ ಕೊರಳಲ್ಲಿ ಬಾಡಿಗೆ ಕೊಡದೆ ಸಂಸಾರ ಹೂಡಿದ್ದರು. ಸೊಸೆಯಾದವಳಿಗೆ ಒಪ್ಪುವ ವಿದ್ಯೆಯಲ್ಲ ಇದು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ, "ಬಾಯಿರೋಳು ಒಬ್ಬಳು ಬಂದಿದ್ರೆ ಸಹಿಸ್ಕೋಬಹುದಿತ್ತು, ಇವಳು ಇಡೀ ಸಂತೇನೇ ಹೊತ್ಕೊಂಡು ಬಂದಿದಾಳೆ," ಎಂದು ನೆರೆಯವರ ಮುಂದೆ ಹಣೆ ಚಚ್ಚಿಕೊಂಡಿದ್ದರು.

ಆ ಸಂತೆಗೆ ಅಂಗಡಿ ಕೊಡಿಸಿದವಳು ಮೀರ್ಗುಲ್. ಬಿಷ್ಕೆಕ್‌ನಿಂದ ಬಂದ ಪುರಾತತ್ವದವಳು. ಊರ ಮೇಲಿನ ಗವಿಯನ್ನು ಬೇಸಿಗೆ ಬೇಸಿಗೆಗೂ ಅಗೆದು, ಇಪ್ಪತ್ತು ಸಾವಿರ ವರ್ಷದ ಹಿಂದೆ ಕಾಡಾಡು ಹೊಡೆದು, ಉಂಡು, ಅಲ್ಲೇ ಮಲಗಿದ್ದವರ ಒಲೆಗಳನ್ನೂ ಕಲ್ಲಿನ ಅಲಗುಗಳನ್ನೂ ಹೊರತೆಗೆದಿದ್ದಳು. ಅವಳ ತಂಡಕ್ಕೆ ಸಾರು ಕುದಿಸುತ್ತಿದ್ದವಳು ಬುರುಲ್ಚಾ. ಗವಿಯ ಕೆಳಗೆ ಎರಡು ಕೋಣೆಯ ಮ್ಯೂಸಿಯಂ ಎದ್ದಾಗ ಮೀರ್ಗುಲ್ ಹೇಳಿದ್ದು ಇಷ್ಟೇ: "ಕಲ್ಲಿಗೆ ಬಾಯಿಲ್ಲ, ಮೂಳೆಗೆ ನಾಲಿಗೆ ಇಲ್ಲ. ನಿಂಗೆ ಎರಡೂ ಮಿಕ್ಕಿ ಚೆಲ್ತಾ ಇವೆ. ಅವಕ್ಕೊಂದಿಷ್ಟು ಸಾಲ ಕೊಡಕ್ಕ."

ಅಲ್ಲಿಯವರೆಗೆ ಅವಳ ಬಾಯಿಗೆ ಬೀಗ ಹಾಕಲು ಬಂದವರೇ ಎಲ್ಲ. ಕೀಲಿ ಕೈಗಿಟ್ಟವಳು ಇವಳೊಬ್ಬಳೇ. ಅಂದಿನಿಂದ ಬುರುಲ್ಚಾ ಬೆಳಿಗ್ಗೆ ಮ್ಯೂಸಿಯಂ ಬಾಗಿಲು ತೆಗೆಯುವಾಗ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರನ್ನೇ ನೆನೆದು ಕೃತಜ್ಞತೆಯ ರಹಮತ್ ಹೇಳುತ್ತಿದ್ದಳು. ಮೀರ್ಗುಲ್‌ಗೆ ರಹಮತ್. ಕಾಡಾಡಿಗೆ ರಹಮತ್. ಆಡನ್ನು ಹೊಡೆದವನಿಗೆ, ಅದನ್ನು ಬೇಯಿಸಿದವಳಿಗೆ ರಹಮತ್. ಬೇಯಿಸಿದವಳನ್ನು ಮರೆಯುವ ಮಾತೇ ಇರಲಿಲ್ಲ. ಸಾರಿನ ಪಾತ್ರೆ ಹೊತ್ತವಳಿಗೆ ಸಾರಿನವಳ ಕಷ್ಟ ಗೊತ್ತು.

ಗವಿಯಲ್ಲಿ ಸಿಕ್ಕಿದ್ದರಲ್ಲೆಲ್ಲ ಅವಳಿಗೆ ಹತ್ತಿರವಾದದ್ದು ಒಂದು ಚುಕೊ. ಆಡು ಕುರಿಗಳ ಹಿಂಗಾಲಿನ ಕೀಲಿನಲ್ಲಿರುವ, ಮುಷ್ಟಿಯೊಳಗೆ ಅಡಗುವ ಗೂನುಬೆನ್ನಿನ ಮೂಳೆ. ಮಾಂಸ ಉಂಡ ಮೇಲೆ ಅದನ್ನು ಒರೆಸಿ ಆಟಕ್ಕೆ ಎತ್ತಿಟ್ಟುಕೊಳ್ಳದ ಮನೆ ಆ ಕಣಿವೆಯಲ್ಲಿ ಇಲ್ಲ. ಗವಿಯ ಚುಕೊದ ಮಗ್ಗುಲುಗಳೂ ಬೆರಳಾಡಿ ಆಡಿ ಸವೆದು ನುಣುಪಾಗಿದ್ದವು. ಆಡು ಸತ್ತ ಮೇಲೂ ಆಡುವುದನ್ನು ಬಿಟ್ಟಿರಲಿಲ್ಲ.

"ಹಸಿದೋನು ಮೂಳೆ ಒಡೀತಾನೆ, ಹೊಟ್ಟೆ ತುಂಬಿದೋನು ಮೂಳೆ ಆಡಿಸ್ತಾನೆ," ಎಂದು ಶಾಲೆಯ ಮಕ್ಕಳಿಗೆ ಅವಳು ಹೇಳುತ್ತಿದ್ದಳು. "ಹೊರಗೆ ಹಿಮ, ಒಳಗೆ ಬೆಂಕಿ, ಎಲ್ಲರ ಹೊಟ್ಟೇನೂ ತಣ್ಣಗೆ. ಅಂಥ ಒಂದು ದಿನ ಇತ್ತು ಅನ್ನೋದಕ್ಕೆ ಆ ಚುಕೊ ಸಾಕ್ಷಿ."

ಸಾಕ್ಷಿ ಮಾತ್ರ ಊರಲ್ಲಿರಲಿಲ್ಲ. ಪರೀಕ್ಷೆಗೆಂದು ಬಿಷ್ಕೆಕ್‌ಗೆ ಹೋದದ್ದು ಅಲ್ಲೇ ಉಳಿದು, ಅದರ ಗಾಜಿನ ಪೆಟ್ಟಿಗೆ ವಸಂತದಿಂದ ಖಾಲಿ ಕೂತಿತ್ತು. ಹಳ್ಳಿಯಲ್ಲಿ ಅದು ಭದ್ರವಾಗಿರುತ್ತದೆಯೇ ಎಂಬುದು ಬಿಷ್ಕೆಕ್‌ನ ಮೇಲಿನವರ ಅನುಮಾನ. ಮೀರ್ಗುಲ್ ತನ್ನ ತಲೆಯ ಮೇಲೆ ಹೊಣೆ ಹೊತ್ತು, ಇನ್ನೂ ಬಾಕಿಯಿದ್ದ ಮ್ಯೂಸಿಯಂನ ವಿಧಿವತ್ತಾದ ಉದ್ಘಾಟನೆಯ ಹಿಂದಿನ ಸಂಜೆ ಹತ್ತಿಯಲ್ಲಿ ಸುತ್ತಿ ತಂದಳು.

"ನಾಳೆ ಒಂದು ದಿನ ನೆಟ್ಟಗೆ ಕಳೀಲಿ ಅಕ್ಕ," ಎಂದಳು ಬುರುಲ್ಚಾಳ ಅಂಗೈಯಲ್ಲಿ ಅದನ್ನಿಡುತ್ತ. "ಆಮೇಲೆ ಇದು ನಿಮ್ಮೂರದ್ದೇ. ಏನಾದ್ರೂ ಎಡವಟ್ಟಾದ್ರೆ ಮಾತ್ರ ನಾನೇ ವಾಪಸ್ ಒಯ್ಯಬೇಕು. ಹಾಗಂತ ಮಾತು ಕೊಟ್ಟು ಬಂದಿದೀನಿ."

ಎಡವಟ್ಟು ಬೆಳಿಗ್ಗೆ ತಿಂಡಿಯ ಹೊತ್ತಿಗೇ ಬಂತು.

ಮ್ಯೂಸಿಯಂನಲ್ಲಿ ಮಕ್ಕಳು ಮುಟ್ಟಿ ನೋಡಲೆಂದು ಒಂದು ಮೇಜಿತ್ತು. ಅದರ ಮೇಲೆ ಊರ ಮನೆಗಳಿಂದ ಕೂಡಿಹಾಕಿದ ಕುರಿ ಚುಕೊಗಳ ಗುಡ್ಡೆ. ಪೆಟ್ಟಿಗೆಗೆ ಇಡುವ ಮೊದಲು ಒಮ್ಮೆ, ಒಂದೇ ಒಂದು ಸಲ, ಹಳೆಯದನ್ನು ಅದರ ಮರಿಮಕ್ಕಳ ನಡುವೆ ಕೂರಿಸಿ ನೋಡಬೇಕೆಂದು ಬುರುಲ್ಚಾಗೆ ಆಸೆಯಾಯಿತು. ಕೂರಿಸಿದಳು. ಬಣ್ಣ ತುಸು ಕಂದು, ಅಷ್ಟೇ. ಉಳಿದಂತೆ ಅಜ್ಜನೂ ಮೊಮ್ಮಕ್ಕಳೂ ಒಂದೇ ಮೂಗು. ಕಣ್ತುಂಬಿ ಬಂತು. ಅಷ್ಟರಲ್ಲಿ ಹಿತ್ತಲಿನಲ್ಲಿ ಚಹಾದ ನೀರು ಉಕ್ಕಿದ ಸದ್ದು. ಓಡಿದಳು. ಅಲ್ಲಿ ಅತಿಥಿಗಳ ಅಡುಗೆಯವರು ಹಿಡಿದು ನಿಲ್ಲಿಸಿಕೊಂಡರು; ಒಂದು ಗಂಟೆ ಬಿಟ್ಟು ಬಂದಾಗ ಮೇಜು ಬೋಳು.

ಹಿಂದಿನ ದಿನವೇ ಅವಳ ಗಂಡ ಓಮುರ್ಜಾಕ್, "ನಾಳೆ ಓರ್ದೊ ಆಟಕ್ಕೆ ಚುಕೊ ಕಮ್ಮಿ ಬಿದ್ದಿವೆ, ನಿನ್ ಮೇಜಿಂದು ತಗೋತೀನಿ," ಎಂದಿದ್ದ. "ತಗೊಳ್ಳಿ, ಅದಕ್ಕೇನಂತೆ," ಎಂದವಳೂ ಅವಳೇ. ನೆನಪಾಗುತ್ತಿದ್ದಂತೆ ಬಾಗಿಲನ್ನೂ ಮುಚ್ಚದೆ ಹೊರಬಿದ್ದಳು.

ಹುಲ್ಲುಗಾವಲಿಗೆ ಓಡಿದಳು. ಓರ್ದೊ ಅಂದರೆ ನೆಲದಲ್ಲಿ ದೊಡ್ಡ ವೃತ್ತ ಎಳೆದು, ನಡುವೆ ಗುಡ್ಡೆ ಹಾಕಿದ ಚುಕೊಗಳನ್ನು ಎತ್ತಿನ ದಪ್ಪ ಮೂಳೆಯಿಂದ ಹೊಡೆದು ಹೊರಗುರುಳಿಸುವ ಆಟ. ಉರುಳಿಸಿದ್ದು ಉರುಳಿಸಿದವನದು. ಅವಳು ತಲುಪುವಾಗ ವೃತ್ತ ಖಾಲಿ. ಗಂಡ ಹುಲ್ಲಿನ ಮೇಲೆ ಕಾಲು ಚಾಚಿ ಕುಮಿಸ್, ಹುಳಿಬಂದ ಕುದುರೆಹಾಲು, ಕುಡಿಯುತ್ತಿದ್ದ.

"ಜಿಬೆಕ್‌ನ ಅಪ್ಪಾ, ಚುಕೊಗಳೆಲ್ಲಿ?" ಮಗಳ ಹೆಸರು ಹಿಡಿದೇ ಗಂಡನನ್ನು ಕೂಗಿದಳು.

"ಎಲ್ಲಿ ಅಂದ್ರೆ? ಚಿಕ್ಕಪ್ಪ ಬಳ್ಕೊಂಡು ಹೋದ್ರು. ನಮ್ಮನ್ನೆಲ್ಲ ಬೋಳಿಸಿಬಿಟ್ರು ಇವತ್ತು. ಆ ವಯಸ್ಸಲ್ಲಿ ಆ ಕೈ ನೋಡ್ಬೇಕಿತ್ತು ನೀನು! ಅದ್ಯಾವುದೋ ಒಂದು ಕಂದು ಚುಕೊ, ಏನು ಹೊಡೆದ್ರೂ ಜಪ್ಪಯ್ಯ ಅನ್ನಲಿಲ್ಲ. ನಮ್ಮ ಕೈಲಿ ಅಲ್ಲಾಡದ್ದು ಅವರಿಗೆ ಹೊರಳಿತು."

"ಒಡೀಲಿಲ್ಲ ತಾನೇ?"

"ಯಾಕೆ ಒಡೆಯತ್ತೆ? ಕಲ್ಲಿನ ಹಾಗಿತ್ತು." ಓಮುರ್ಜಾಕ್ ಬಟ್ಟಲು ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. "ಬುರುಲ್... ನೀನು ಈಗ ಯಾರನ್ನಾದ್ರೂ ಅಣಕಿಸ್ತಿದೀಯ? ಹೆಣದ ಮುಖ ಮಾಡಿದೀಯಲ್ಲ."

ಅವಳು ಹೇಳಿದಳು. ಈಗ ಅದೇ ಮುಖ ಅವನಿಗೂ ಬಂತು.

ಚುಕೊ ಬೇರೆ ಯಾರ ಚೀಲಕ್ಕೆ ಬಿದ್ದಿದ್ದರೂ ಕೇಳಿ ತರಬಹುದಿತ್ತು. ಬಿದ್ದದ್ದು ಓಮುರ್ಜಾಕನ ಚಿಕ್ಕಪ್ಪ ಜೇನಾಲಿಯ ಚೀಲಕ್ಕೆ. ಹೆಸರಲ್ಲಿ ಜೇನಿದ್ದರೂ ಮುದುಕನ ನಾಲಿಗೆಯಲ್ಲಿ ಬರೀ ಕೊಂಡಿ. ಮ್ಯೂಸಿಯಂ ಎಂದರೆ ಅವನಿಗೆ ಆಗದು, ಅದಕ್ಕೆ ಕಾರಣವೂ ಇತ್ತು. ವಯಸ್ಸಿದ್ದಷ್ಟು ಕಾಲ ಅವನು ಬೇಟೆಗಾರ. ಆ ಗವಿಯೇ ಅವನ ಬಿಡಾರ, ಅಲ್ಲಿಯೇ ಅವನ ಒಲೆ. ಕಣ್ಣು ಮಂಜಾಗಿ ಕೋವಿ ಮಾರಿದ ಮೇಲೂ ಆಗಾಗ ಹೋಗಿ ಬೆಂಕಿ ಹಾಕಿ ಕೂತು ಬರುತ್ತಿದ್ದ. ಅಗೆತದವರು ಬಂದ ಮೊದಲ ದಿನವೇ ಮೇಲಿನ ಪದರವನ್ನು "ಇತ್ತೀಚಿನ ಕಸ" ಎಂದು ಗುದ್ದಲಿಯಿಂದ ಕೆರೆದು ಕಣಿವೆಗೆ ಸುರಿದರು. ಆ ಕಸ ಜೇನಾಲಿಯ ಒಲೆಯ ಬೂದಿ.

"ಕೆಳಗಿನವನ ಬೂದಿಗೆ ಗಾಜಿನ ಅರಮನೆ, ಮೇಲಿನವನ ಬೂದಿಗೆ ತಿಪ್ಪೆ," ಎಂದಿದ್ದ ಮುದುಕ. "ನಾನೂ ಸತ್ತು ಇಪ್ಪತ್ತು ಸಾವಿರ ವರ್ಷ ಆಗ್ಲಿ, ಆಮೇಲೆ ಒಳಗೆ ಬರ್ತೀನಿ."

ಮ್ಯೂಸಿಯಂನ ಚುಕೊ ಎಂದು ತಿಳಿದರೆ ನದಿಗೆಸೆದಾನೇ ಹೊರತು ಕೊಡಲಾರ. ಓಮುರ್ಜಾಕ್ ಬೆಟ್ಟದ ಕಡೆ ಕೈ ತೋರಿದ. ಕೆಂಪು ಕುದುರೆಯೊಂದು ಗವಿಯ ಕೆಳಗಿನ ಸುತ್ತುದಾರಿಯಲ್ಲಿ ಜೇನಾಲಿಯ ಬೇಸಿಗೆ ಬಿಡಾರದತ್ತ ನಿಧಾನವಾಗಿ ಏರುತ್ತಿತ್ತು.

"ನೀನೇ ಹೋಗು," ಎಂದ. "ನನ್ನ ಕಂಡ್ರೆ ಸೋತು ಅಳೋಕೆ ಬಂದ ಅಂತಾರೆ."

ಕುದುರೆಗೆ ಸುತ್ತುದಾರಿ, ಆಡಿಗೆ ನೇರದಾರಿ. ಬುರುಲ್ಚಾ ಲಂಗ ಎತ್ತಿ ಕಟ್ಟಿ ಆಡಿನ ದಾರಿ ಹಿಡಿದಳು. ಜಲ್ಲಿ ಜಾರುತ್ತಿತ್ತು, ಎದೆ ತಿದಿಯಾಗಿತ್ತು. ಗವಿಯ ಪಕ್ಕದ ಬಂಡೆ ತಲುಪಿ ಬಗ್ಗಿ ನೋಡಿದರೆ ಕುದುರೆ ಆಗಲೇ ಕೆಳಗಿನ ತಿರುವು ದಾಟುತ್ತಿತ್ತು. ಇನ್ನೊಂದು ಗಳಿಗೆಯಲ್ಲಿ ಕಣಿವೆಯ ಆಚೆ. ಕೂಗಬೇಕು. ಆದರೆ ಏನೆಂದು? ಗಂಡನ ಕಡೆಯ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಕೂಡದು. ಮನೆಯಲ್ಲಿ ಅವಳು ಅವನನ್ನು "ಕೆಂಪು ಕುದುರೆಯ ಅತಾ", ಅಂದರೆ ಕೆಂಪು ಕುದುರೆಯ ಹಿರಿಯ, ಎನ್ನುತ್ತಿದ್ದಳು. "ಅತಾ! ಅತಾ!" ಎಂದು ಕಿರುಚಿದಳು. ಮುದುಕ ತಿರುಗಲಿಲ್ಲ. ಮನುಷ್ಯರ ದನಿಗೆ ಅವನು ಕಿವುಡಾಗಿ ಬಹಳ ಕಾಲವಾಗಿತ್ತು. ಅದರಲ್ಲಿ ಅರ್ಧ ವಯಸ್ಸು, ಅರ್ಧ ಹಟ.

ಮನುಷ್ಯರ ದನಿ ಆಗದಿದ್ದರೆ ಬೇಡ. ಅವಳ ಬಳಿ ಬೇರೆ ದನಿಗಳಿಗೆ ಬರವೇ? ಬಾಯಿ ಒಣಗಿ ಮರಳಾಗಿತ್ತು. ಜೇಬಿನಲ್ಲಿದ್ದ ಕುರುತ್ ಉಂಡೆಯೊಂದನ್ನು ನಾಲಿಗೆಯಡಿ ಒತ್ತಿದಳು. ಒಣಮೊಸರಿನ ಉಪ್ಪುಹುಳಿಗೆ ಬಾಯಿ ತುಂಬ ನೀರೂರಿತು. ತುಟಿ ಬಿಗಿದು, ಅಪಾಯ ಕಂಡ ಕಾಡಾಡು ತನ್ನ ಹಿಂಡಿಗೆ ಹಾಕುವ ಚೂಪು ಸಿಳ್ಳೆಯನ್ನು ಹಾಕಿದಳು.

ಕುದುರೆ ನಿಂತಿತು.

ಜೇನಾಲಿ ತಡಿಯಿಂದ ಜಾರಿ ಇಳಿದ. ಅಷ್ಟು ವಯಸ್ಸಾದವನು ಇಳಿಯುವ ರೀತಿಯಲ್ಲ ಅದು; ಬೆಕ್ಕು ಗೋಡೆಯಿಂದ ಇಳಿದ ಹಾಗೆ. ಬಂಡೆಯೊಂದರ ಮರೆಗೆ ಕೂತ. ತಲೆ ಎತ್ತದೆ ಕಣ್ಣು ಮಾತ್ರ ಎತ್ತಿ ಮೇಲಿನ ಅಂಚನ್ನೆಲ್ಲ ಹುಡುಕಿದ. ಅವನ ಬಲಗೈ ತಾನೇ ತಾನಾಗಿ ಎಡಹೆಗಲ ಮೇಲೆ ಹೋಗಿ, ಅಲ್ಲಿ ಇಲ್ಲದ ಕೋವಿಯ ಪಟ್ಟಿಯನ್ನು ತಡವಿ, ಖಾಲಿಯಾಗಿ ಕೆಳಗಿಳಿಯಿತು.

ಬುರುಲ್ಚಾ ಅದನ್ನು ನೋಡಿಬಿಟ್ಟಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಗೋಗರೆತ, ಸುಳ್ಳು, ಕಣ್ಣೀರು ಎಲ್ಲ ಅಲ್ಲೇ ಉದುರಿಹೋಯಿತು. ಜಲ್ಲಿಯ ಮೇಲೆ ಜಾರುತ್ತ ಇಳಿದು ಅವನೆದುರು ನಿಂತಾಗ ಅವಳ ಬಾಯಿಂದ ಬಂದದ್ದು ಅವಳು ಯೋಚಿಸಿಯೇ ಇರದ ಒಂದು ಮಾತು.

"ಶಿರಾಲ್ಗಾ, ಅತಾ!"

ಬೇಟೆ ಮುಗಿಸಿ ಬರುವವನಿಗೆ ದಾರಿಯಲ್ಲಿ ಎದುರಾದವರು ಹೇಳುವ ಮಾತು ಅದು. ಕೇಳಿದ ಮೇಲೆ ಪಾಲು ಕೊಡದೆ ಬೇಟೆಗಾರ ಮುಂದೆ ಹೋಗುವಂತಿಲ್ಲ. ಊರಲ್ಲಿ ಬೇಟೆ ನಿಂತ ಮೇಲೆ ಆ ಮಾತೂ ನಿಂತಿತ್ತು.

ಜೇನಾಲಿ ಎದ್ದು ಕೋಟಿನ ಧೂಳು ಕೊಡವಿಕೊಂಡ. "ಸಿಳ್ಳೆ ನಿಂದಾ?"

"ಹೂಂ, ಅತಾ."

"ಥೂ. ನಾನು ಹೆಣ್ಣಾಡು ಅಂದ್ಕೊಂಡೆ."

"ಅಷ್ಟರ ಮಟ್ಟಿಗೆ ತಪ್ಪೇನಿಲ್ಲ."

ಮುದುಕನ ಮೀಸೆ ಅಲುಗಿತು. ಅವಸರದಲ್ಲಿ ಅದನ್ನು ಅದುಮಿಕೊಂಡ. "ಆಮೇಲೆ ಏನಂದೆ? ಇನ್ನೊಂದು ಸಲ ಹೇಳು."

"ಶಿರಾಲ್ಗಾ ಅಂದೆ."

"ಇನ್ನೊಂದು ಸಲ."

"ಕಿವಿ ಚೆನ್ನಾಗೇ ಇದೆಯಲ್ಲ, ಅತಾ."

"ಇದೆ. ಆದ್ರೂ ಹೇಳು, ಸೊಸೆಯೇ. ಆ ಮಾತು ಕೇಳಿ ಎಷ್ಟು ಚಳಿಗಾಲ ಹೋಯ್ತೋ. ಮೊದಲೆಲ್ಲ ಈ ತಿರುವಲ್ಲೇ ಹೆಂಗಸ್ರು ಮಕ್ಕಳು ಕಾಯ್ಕೊಂಡಿರೋರು. ಮನೆ ಮುಟ್ಟೋ ಹೊತ್ತಿಗೆ ನಂಗೆ ಉಳೀತಿದ್ದದ್ದು ಕೊಂಬು ಒಂದೇ. ನಿಮ್ಮ ಚಿಕ್ಕತ್ತೆ, ನನ್ ಹೆಂಡ್ತಿ, ಕೊಂಬಿನ ಸಾರು ಮಾಡ್ಲಾ ಅಂತ ಬೈಯೋಳು." ಅವನು ಕುದುರೆಯ ಕುತ್ತಿಗೆ ತಟ್ಟಿದ. "ಈಗ ಯಾವ ಬೇಟೆ ಅಂತ ಕೇಳ್ತಿದೀಯ? ಕೋವಿ ಇಲ್ಲ, ಆಡಿಲ್ಲ."

"ಚೀಲದ ತುಂಬ ಹೊಡ್ಕೊಂಡು ಬಂದಿದೀರಲ್ಲ. ಊರಿನ ಗಂಡಸ್ರೆಲ್ಲ ಹುಲ್ಲಿನ ಮೇಲೆ ಸತ್ತು ಬಿದ್ದಿದಾರೆ, ನೋಡಿ ಬಂದೆ."

ಈ ಸಲ ನಗು ಅದುಮಲಾಗಲಿಲ್ಲ. ಅವನು ತಡಿಗೆ ಕಟ್ಟಿದ್ದ ಚೀಲ ಬಿಚ್ಚಿ ಒಳಗೆ ಕೈ ಹಾಕಿದ. ಬುರುಲ್ಚಾ ಚೀಲದ ಬಾಯನ್ನೇ ನೋಡಿದಳು. ಶಿರಾಲ್ಗಾ ಕೇಳಿದವರು ಇಂಥದ್ದೇ ಬೇಕು ಎನ್ನುವಂತಿಲ್ಲ. ಹೊರಗೆ ಬಂದದ್ದು ಬಿಳಿಯ, ಹೊಳೆಯುವ, ಯಾರೋ ಕಳೆದ ವಾರ ಉಂಡ ಕುರಿಯ ಚುಕೊ.

ಅವನು ಅದನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಚೀಲಕ್ಕೆ ಹಾಕಿದ. "ಥತ್. ಇಷ್ಟು ವರ್ಷಕ್ಕೆ ಒಬ್ಬಳು ಬಾಯಿಬಿಟ್ಟು ಕೇಳಿದಾಳೆ, ಅವಳಿಗೆ ಕಸ ಕೊಡ್ಲಾ?" ಕೋಟಿನ ಒಳಗೆ, ಎದೆಯ ಹತ್ತಿರ ಕೈಯಿಟ್ಟು, ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದ. ಕಂದು, ಗೂನುಬೆನ್ನು, ಸವೆದ ಮಗ್ಗುಲು. "ಇವತ್ತಿನ ಬೇಟೇಲಿ ಇದು ದೊಡ್ಡ ಗಂಡಾಡು. ಎಸೆದಾಗೆಲ್ಲ ಅಲ್ಚಿ ಬೀಳತ್ತೆ, ಗೆಲ್ಲೋ ಮಗ್ಗುಲು. ದಿಂಬಿನ ಕೆಳಗೆ ಇಟ್ಕೊಂಡು ಮಲಗೋಣ ಅಂತಿದ್ದೆ. ತಗೋ."

ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಅವನ ಎದೆಯ ಬಿಸಿ ಅದರಲ್ಲಿ ಇನ್ನೂ ಇತ್ತು.

ಈಗ ರಹಮತ್ ಎಂದು ತಿರುಗಿ ಓಡಿದರೆ ಮುಗಿಯಿತು. ಯಾರಿಗೂ ಗೊತ್ತಾಗದು. ಗಾಜಿನ ಪೆಟ್ಟಿಗೆಯೊಳಗೆ ಇವನು ಎಂದೂ ಬಂದು ಇಣುಕುವವನಲ್ಲ. ಅವಳ ಕಾಲು ತಿರುಗಿಯೂ ಆಗಿತ್ತು. ಆದರೆ ಮುದುಕ ಅಲ್ಲೇ ನಿಂತು, ಕೊಟ್ಟ ಕೈಯನ್ನು ಕೋಟಿಗೆ ಒರೆಸಿಕೊಳ್ಳುತ್ತ, ಮದುವೆಗಂಡಿನ ಹಾಗೆ ಮುಖ ಅರಳಿಸಿಕೊಂಡಿದ್ದ. ಆ ಮುಖಕ್ಕೆ ಬೆನ್ನು ಹಾಕಲು ಅವಳಿಂದಾಗಲಿಲ್ಲ.

"ಅತಾ, ಇದು ಗವೀದು. ಮ್ಯೂಸಿಯಮ್ಮಿಂದು. ನನ್ನ ಕೈತಪ್ಪಿ ಆಟಕ್ಕೆ ಬಂತು." ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದಳು. ಹೇಳುವಾಗ ಯಾರ ದನಿಯನ್ನೂ ಸಾಲ ತರಲಿಲ್ಲ.

ಅರಳಿದ್ದ ಮುಖ ಮೆಲ್ಲಗೆ ಮುಚ್ಚಿಕೊಂಡಿತು. "ಅಂದ್ರೆ ನಾನು ಈಗ ಮ್ಯೂಸಿಯಮ್ಮಿಗೆ ಕೊಟ್ಟೆ."

"ಹೂಂ."

"ನನ್ನ ಬೂದಿ ಬಾಚಿ ಎಸೆದ ಮ್ಯೂಸಿಯಮ್ಮಿಗೆ."

"ಹೂಂ, ಅತಾ. ಮನಸ್ಸಿಲ್ಲದಿದ್ರೆ ವಾಪಸ್ ತಗೊಳ್ಳಿ." ಅವಳು ಅಂಗೈ ಚಾಚಿದಳು. ಚುಕೊ ಅದರ ನಡುವೆ ಆರಾಮವಾಗಿ ಕೂತಿತ್ತು.

ಜೇನಾಲಿ ಬೆರಳ ತುದಿಯಿಂದ ಅದರ ಸವೆದ ಮಗ್ಗುಲು ಮುಟ್ಟಿ ಕೈ ಹಿಂದೆಗೆದ.

"ಶಿರಾಲ್ಗಾ ವಾಪಸ್ ತಗೊಂಡೋನ ಕೋವಿ ಮತ್ತೆ ಗುರಿ ಹಿಡಿಯಲ್ಲ," ಎಂದ.

"ನಿಮ್ ಹತ್ರ ಕೋವೀನೇ ಇಲ್ಲವಲ್ಲ?"

"ಬಾಯಿ!" ಎಂದು ಗದರಿದ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಇದನ್ನ ಹೊಡೆದೋನು ಯಾರು?"

"ಹೆಸರು ಗೊತ್ತಿಲ್ಲ. ಗೊತ್ತಿದ್ರೂ ಹೇಳೋ ಹಾಗಿಲ್ಲ, ನಮ್ಮನೆ ಹಿರಿಯನೇ ಇರಬೇಕು. ನೀವು ಕೂರ್ತಿದ್ದ ಜಾಗದಲ್ಲೇ ಕೂತು ತಿಂದಿದಾನೆ. ನಿಮ್ಮ ಒಲೆ ನೇರ ಕೆಳಗೆ ಅವನ ಒಲೆ ಇತ್ತು."

"ಎಡಗಡೆ, ಗೋಡೆ ಒಳಗೆ ಸರಿದಿದೆಯಲ್ಲ, ಅಲ್ಲಾ?"

"ಅಲ್ಲೇ."

ಮುದುಕ ತಲೆಯೆತ್ತಿ ಗವಿಯ ಬಾಯಿಯ ಕಡೆ ನೋಡಿದ. "ಅಲ್ಲಿ ಗಾಳಿ ನುಗ್ಗಲ್ಲ," ಎಂದ. "ತಿಳಿದೋನು ಅವನು." ಮತ್ತೆ ಕುದುರೆಯ ಲಗಾಮು ಹಿಡಿದು, ಬಿಡಾರದ ಕಡೆಗಲ್ಲ, ಊರ ಕಡೆಗೆ ತಿರುಗಿಸಿದ. "ಕುದುರೆ ಹತ್ತು. ನಿನ್ನ ಕಾಲು ನೋಡು, ಕಾಡಾಡು ಕೂಡ ಆ ದಾರೀಲಿ ಇಳಿಯಲ್ಲ."

ಉದ್ಘಾಟನೆಗೆ ಮೊದಲು ಬುರುಲ್ಚಾ ಮೀರ್ಗುಲ್‌ಳನ್ನು ಹಿತ್ತಲಿಗೆ ಕರೆದು ನಡೆದದ್ದನ್ನೆಲ್ಲ ಹೇಳಿದಳು. ಮೀರ್ಗುಲ್ ಬಿಳಿಚಿದಳು. ಕಟ್ಟೆಯ ಮೇಲೆ ಕೂತು, ಅತಿಥಿಗಳಿಗಿಟ್ಟಿದ್ದ ಕುಮಿಸ್ ಬಟ್ಟಲನ್ನು ಒಂದೇ ಗುಟುಕಿಗೆ ಖಾಲಿ ಮಾಡಿದಳು. ಭೂತಗನ್ನಡಿ ಹಿಡಿದು ಚುಕೊವನ್ನು ಮಗ್ಗುಲು ಮಗ್ಗುಲು ತಿರುಗಿಸಿ ನೋಡಿದಳು. ಬುರುಲ್ಚಾ ಅವಳ ಹುಬ್ಬನ್ನೇ ನೋಡುತ್ತ ನಿಂತಳು.

"ಬಿರುಕಿಲ್ಲ," ಎಂದಳು ಮೀರ್ಗುಲ್. ಬಾಯಿ ಒರೆಸಿಕೊಂಡಳು. "ಗೆದ್ದೋರು ಯಾರಂದೆ?"

"ಕೆಂಪು ಕುದುರೆಯ ಅತಾ. ಅವರೇ ಕೊಟ್ಟಿದ್ದು. ಹೊರಗೆ ನಿಂತಿದಾರೆ, ಒಳಗೆ ಬರಲ್ಲ ಅಂತಾರೆ."

ಮೀರ್ಗುಲ್ ಎದ್ದು ಒಳಗೆ ಬಂದಳು. ಬಾಗಿಲ ಬಳಿಯ ಗೋಡೆಯ ಮೇಲೆ ಗವಿಯ ನೆಲವನ್ನು ಸೀಳಿ ತೋರಿಸುವ ದೊಡ್ಡ ಚಿತ್ರವಿತ್ತು, ಪದರದ ಮೇಲೆ ಪದರ. ಎಲ್ಲಕ್ಕೂ ಮೇಲೆ ಬೂದುಬಣ್ಣದ ತೆಳು ಪಟ್ಟಿ, ಅದರ ಪಕ್ಕದಲ್ಲಿ "ಇತ್ತೀಚಿನ ಕಸ". ಅವಳು ಪೆನ್ನು ತೆಗೆದು ಆ ಎರಡು ಮಾತುಗಳನ್ನು ಗೀಟೆಳೆದು ಹೊಡೆದುಹಾಕಿದಳು. ಅಷ್ಟು ಹೊತ್ತಿಗೆ ಜನ ಬಂದು ತುಂಬಿದ್ದರು.

"ಅವರ ಹೆಸರೇನು ಅಕ್ಕ? ಪೂರ್ತಿ ಹೆಸರು."

ಬುರುಲ್ಚಾ ಬಾಯಿ ತೆರೆದಳು, ಮುಚ್ಚಿದಳು. ಇಡೀ ಊರು ಅವಳ ಬಾಯಿಯನ್ನೇ ನೋಡುತ್ತಿತ್ತು. ಆ ಬಾಯಿ ಸುಮ್ಮನಾದದ್ದನ್ನು ಊರು ನೋಡಿದ್ದು ಅದೇ ಮೊದಲು. ಹಿಂದಿನಿಂದ ಅತ್ತೆ ಕಿಸಕ್ಕನೆ ನಕ್ಕರು.

"ಜೇನಾಲಿ!" ಎಂದು ಓಮುರ್ಜಾಕ್ ಕೂಗಿದ. "ಬರ್ಕೊಳ್ಳಿ. ಮದಲಿಯ ಮಗ ಜೇನಾಲಿ. ಬೇಟೆಗಾರ. ಓರ್ದೊದಲ್ಲಿ ಮೋಸಗಾರ."

"ಯಾರೋ ಅದು ಮೋಸಗಾರ ಅಂದದ್ದು?" ಎನ್ನುತ್ತ ಮುದುಕ ಹೊಸ್ತಿಲು ದಾಟಿ ನುಗ್ಗಿದ. ನುಗ್ಗಿದ ಮೇಲೆ ತಾನು ಒಳಗಿದ್ದೇನೆಂದು ಗೊತ್ತಾಯಿತು. ಗೋಡೆಯ ಮೇಲೆ ಇನ್ನೂ ಒಣಗದ ಮಸಿಯಲ್ಲಿ "ಜೇನಾಲಿಯ ಒಲೆ" ಎಂದಿತ್ತು. ಕಣ್ಣು ಮಂಜಾದ್ದರಿಂದ ಅವನು ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದ. ಓದಿ ಮುಗಿದ ಮೇಲೂ ಮೂಗನ್ನು ಅಲ್ಲಿಂದ ತೆಗೆಯಲಿಲ್ಲ. ತಲೆಯ ಮೇಲಿನ ಕಲ್ಪಾಕ್ ಟೋಪಿಯನ್ನು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡ.

ಚುಕೊವನ್ನು ಪೆಟ್ಟಿಗೆಯಲ್ಲಿಡುವ ಕೆಲಸವನ್ನು ಮೀರ್ಗುಲ್ ಅವನಿಗೇ ಬಿಟ್ಟಳು. ಅವನು ಅದನ್ನು ಅಲ್ಚಿ ಮೇಲಾಗಿ, ಗೆಲ್ಲುವ ಮಗ್ಗುಲಾಗಿ ನಿಲ್ಲಿಸಿದ. ಮೀರ್ಗುಲ್ ಬೀಗ ತಿರುಗಿಸಿ ಕೀಲಿಯನ್ನು ಬುರುಲ್ಚಾಳ ಜೇಬಿಗೆ ಹಾಕಿದಳು. "ಇಲ್ಲೇ ಇರ್ಲಿ," ಎಂದಳು. "ಇದರ ಜೊತೆ ಆಡೋಕೆ ಗೊತ್ತಿರೋರು ಇರೋ ಊರು ಇದು. ಮುಂದಿನ ಆಟಕ್ಕೆ ಮಾತ್ರ ಬೇರೆ ಹುಡುಕ್ಕೊಳ್ಳಿ."

ಊರ ಮಂದಿಯನ್ನು ಕರೆದೊಯ್ದು ತೋರಿಸುವಾಗ ಬುರುಲ್ಚಾ ಆಡಿನಂತೆ ಸಿಳ್ಳೆ ಹಾಕಿದಳು, ತೋಳದಂತೆ ಊಳಿಟ್ಟಳು, ಮಿನಿಬಸ್ಸಿನ ಚಾಲಕನ ಹೆಂಡತಿಯಂತೆ ಬೈದಳು. ಗಾಜಿನ ಪೆಟ್ಟಿಗೆಯ ಮುಂದೆ ಬಂದಾಗ ಮಾತ್ರ ಅವಳದ್ದೇ ದನಿ.

"ಅವರು ಬೇಟೆ ಮುಗಿಸಿ ಬರ್ತಾ ಇದ್ರು. ನಾವು ದಾರೀಲಿ ಎದುರಾದ್ವಿ, ತುಂಬಾ ತಡವಾಗಿ. ಆದ್ರೂ ನಮ್ಮ ಪಾಲು ಎತ್ತಿಟ್ಟಿದ್ರು."

ಹೊರಗೆ ಮಾಂಸದ ತಟ್ಟೆಗಳು ಬಂದವು. ಜೇನಾಲಿ ತನ್ನ ಪಾಲಿನ ಎಲುಬಿನಿಂದ ಒಳ್ಳೆಯ ತುಂಡೊಂದನ್ನು ಕೊಯ್ದು, ಎಲ್ಲರ ಮುಂದೆ ಸೊಸೆಯ ಕೈಗಿಟ್ಟ. "ತಿನ್ನು. ಬಾಯಿಗೆ ಕೆಲಸ ಇರ್ಲಿ."

ಮರುದಿನ ಬೆಳಿಗ್ಗೆ ಬುರುಲ್ಚಾ ಬಾಗಿಲು ತೆಗೆದು ಎಂದಿನಂತೆ ಹೊಸ್ತಿಲಲ್ಲಿ ನಿಂತಳು. ಮೀರ್ಗುಲ್‌ಗೆ ರಹಮತ್. ಕಾಡಾಡಿಗೆ, ಹೊಡೆದವನಿಗೆ, ಬೇಯಿಸಿದವಳಿಗೆ ರಹಮತ್. ಸಾಲು ಈಗ ಒಬ್ಬರಷ್ಟು ಉದ್ದವಾಗಿತ್ತು. ಅವರ ಹೆಸರನ್ನು ಬಾಯಲ್ಲಿ ಹೇಳುವಂತಿರಲಿಲ್ಲವಾಗಿ, ತುಟಿ ಬಿಗಿದು ಮೆಲ್ಲಗೆ ಒಂದು ಸಿಳ್ಳೆ ಹಾಕಿ ಒಳಗೆ ಹೋದಳು.